ಆಶ್ಲೇಷಾ ಮಳೆಯಲ್ಲಿ ಇದು ಒಣಗುತ್ತಾ? ಮುಟ್ಟಿನ ಚಡ್ಡಿ, ಬಟ್ಟೆ ಪ್ಯಾಡ್, ಕಪ್: ಮಲೆನಾಡಿನ ಮನೆಗೊಂದು ವಿವರಣೆ

ಹೋದ ವರ್ಷ ಆಶ್ಲೇಷಾ ಮಳೆ ಹಿಡಿದ ವಾರ ತಂಗಿಯ ಮಗಳು ಬೆಂಗಳೂರಿಂದ ಊರಿಗೆ ಬಂದಿದ್ದಳು. ಎರಡನೇ ದಿನ ಬೆಳಿಗ್ಗೆ, ಮುಟ್ಟಿನಲ್ಲಿ ಪ್ಯಾಡಿನ ಬದಲು ತೊಡುವ ಕಪ್ಪು ಚಡ್ಡಿಯೊಂದನ್ನು ತೊಳೆದು ಜಗಲಿಯ ಹಗ್ಗಕ್ಕೆ ಹಾಕಿದಳು. ಸಂಜೆಯಾದರೂ ಅದು ಹಿಂಡಿದರೆ ನೀರು ಬರುವ ಹಾಗೇ ಇತ್ತು. ಪಾಪ ಹುಡುಗಿ, ನಾಳೆಗೆ ಬೇಕಾಗುತ್ತದೆ ಎಂದುಕೊಂಡು ನಾನೇ ತೆಗೆದು ಬಚ್ಚಲ ಒಲೆಯ ಮೇಲಿನ ಗಳಕ್ಕೆ ನೇತುಹಾಕಿದೆ. ಮಳೆಗಾಲದಲ್ಲಿ ನಮ್ಮ ಮನೆಯ ಬಟ್ಟೆಯೆಲ್ಲ ಒಣಗುವುದು ಅಲ್ಲೇ. ಬೆಳಿಗ್ಗೆ ನೋಡಿದರೆ ಚಡ್ಡಿಯ ಒಳಗಿನ ತೆಳು ಪ್ಲಾಸ್ಟಿಕ್ ಪದರ ಕೆಂಡದ ಮೇಲಿಟ್ಟ ಹಪ್ಪಳದಂತೆ ಮುರುಟಿ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು.

"ದೊಡ್ಡಮ್ಮ, ಇದಕ್ಕೆ ಏಳುನೂರು ರೂಪಾಯಿ" ಅಂದಳು. ಬೈಯಲಿಲ್ಲ. ನನಗೇ ಹೊಟ್ಟೆ ಚುರ್ ಎಂದಿತು.

ಅದಾದ ಮೇಲೆ ನಮ್ಮ ಕೇರಿಯಲ್ಲಿ ಇದೇ ಮಾತು. ಪಕ್ಕದ ಮನೆಯ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಸರಿ ಮಾರಾಯ್ತಿ, ನಮ್ಮ ಮಳೇಲಿ ಒಣಗುತ್ತಾ?" ಪೇಟೆಯವರು ಬರೆದ ಬರಹಗಳಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇರುತ್ತದೆ: ಬಿಸಿಲಿನಲ್ಲಿ ಒಣಗಿಸಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯವರಿಗೆ, ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಜುಲೈ, ಆಗಸ್ಟಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಅದಕ್ಕೇ ಇಡೀ ವಿಷಯವನ್ನು ಬುಡದಿಂದ, ನಮ್ಮ ಅಂಗಳದಲ್ಲಿ ನಿಂತು ಹೇಳುತ್ತಿದ್ದೇನೆ.

ಮೊದಲು ರಕ್ತದ ಲೆಕ್ಕ

ಮುಟ್ಟು ಎಂದರೆ ಗರ್ಭಕೋಶದ ಒಳಗೋಡೆಯಲ್ಲಿ ಆ ತಿಂಗಳು ಬೆಳೆದ ಪದರ ಬೇಡವಾಗಿ ಕಳಚಿ ಹೊರಬರುವುದು. ರಕ್ತ ಅದರಲ್ಲಿ ಒಂದು ಭಾಗ ಮಾತ್ರ. ಪದರದ ಚೂರುಗಳು, ಲೋಳೆಯಂಥ ದ್ರವ ಸೇರಿಕೊಂಡಿರುತ್ತವೆ. ಎರಡರಿಂದ ಏಳು ದಿನ ಹೋಗುವುದು ಸಹಜ. ಒಂದು ಮುಟ್ಟಿನಿಂದ ಇನ್ನೊಂದಕ್ಕೆ 21ರಿಂದ 35 ದಿನ ಅಂತರವೂ ಸಹಜವೇ.

ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. ಚಹಾ ಚಮಚದಲ್ಲಿ ಅಳೆದರೆ ಆರರಿಂದ ಎಂಟು ಚಮಚ, ಅದೂ ನಾಲ್ಕೈದು ದಿನಗಳಲ್ಲಿ ಹಂಚಿಕೊಂಡು. ಇದನ್ನು ಹೇಳಿದಾಗ ನಮ್ಮ ಸ್ವಸಹಾಯ ಸಂಘದ ಹೆಂಗಸರು ಯಾರೂ ನಂಬಲಿಲ್ಲ. ಬಟ್ಟೆಯ ಮೇಲೆ ಹರಡಿದ ರಕ್ತ ಯಾವಾಗಲೂ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. 80 ಮಿಲಿಲೀಟರ್ ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಈ ಲೆಕ್ಕ ನೆನಪಿರಲಿ. ಮುಂದೆ ಯಾವ ಸಾಧನ ಎಷ್ಟು ಹಿಡಿಯುತ್ತದೆ ಎಂದು ನೋಡುವಾಗ ಇದೇ ನಮ್ಮ ಅಳತೆಗೋಲು.

ಪ್ಯಾಡಿನ ಒಳಗೇನಿದೆ, ಅದು ಹೋಗುವುದೆಲ್ಲಿ

ಅಂಗಡಿಯ ಪ್ಯಾಡನ್ನು ಹತ್ತಿ ಅಂದುಕೊಂಡವರೇ ಹೆಚ್ಚು. ಒಂದನ್ನು ಬಿಡಿಸಿ ನೋಡಿ. ಮೈಗೆ ತಾಗುವ ಮೇಲಿನ ಹಾಳೆ ಬಹಳಷ್ಟು ಪ್ಯಾಡುಗಳಲ್ಲಿ ಪ್ಲಾಸ್ಟಿಕ್ಕಿನ ಎಳೆಯಿಂದ ಮಾಡಿದ್ದು. ನಡುವೆ ಮರದ ತಿರುಳಿನ ನಾರು, ಅದರೊಳಗೆ ಸಕ್ಕರೆಯ ಹರಳಿನಂಥ ಪುಡಿ. ಈ ಪುಡಿ ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಸಬ್ಬಕ್ಕಿ ಪಾಯಸದ ಹಾಗೆ ಲೋಳೆಯಾಗುತ್ತದೆ. ಕೆಳಗೆ ಸೋರದಂತೆ ತಡೆಯುವ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಅಂಟು, ಅಂಟಿನ ಮೇಲೆ ಕಾಗದ. ಬಳಸುವ ಹೊತ್ತಿಗೆ ಇದು ಬಹಳ ಅನುಕೂಲದ ವಸ್ತು, ಅದರಲ್ಲಿ ಎರಡು ಮಾತಿಲ್ಲ. ಪ್ಯಾಡ್ ಬಂದ ಮೇಲೆ ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವುದನ್ನು ನಿಲ್ಲಿಸಿದ ಹುಡುಗಿಯರನ್ನು ನಾನೇ ಕಂಡಿದ್ದೇನೆ. ರಾಜ್ಯ ಸರ್ಕಾರ ಶುಚಿ ಯೋಜನೆಯಲ್ಲಿ ಹದಿಹರೆಯದ ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುವುದೂ ಇದಕ್ಕಾಗಿಯೇ.

ತೊಂದರೆ ಶುರುವಾಗುವುದು ಬಳಸಿ ಆದಮೇಲೆ. ತಿಂಗಳಿಗೆ 15 ಪ್ಯಾಡ್ ಎಂದು ಹಿಡಿದರೆ ವರ್ಷಕ್ಕೆ 180. ಹದಿಮೂರನೇ ವಯಸ್ಸಿಗೆ ಮೈನೆರೆದು ಐವತ್ತಕ್ಕೆ ಮುಟ್ಟು ನಿಲ್ಲುವ ಒಬ್ಬ ಹೆಂಗಸಿನ ಲೆಕ್ಕದಲ್ಲಿ ಆರೂವರೆ ಸಾವಿರ ದಾಟುತ್ತದೆ. ಪೇಟೆಯಲ್ಲಾದರೆ ಕಸದ ಗಾಡಿ ದಿನಾ ಬರುತ್ತದೆ. ಒಂಟಿ ಮನೆಗಳ ಮಲೆನಾಡಿನಲ್ಲಿ ಪಂಚಾಯ್ತಿ ಗಾಡಿ ವಾರಕ್ಕೊಮ್ಮೆ ಬಂದರೆ ಅದೇ ಹೆಚ್ಚು, ಬಂದರೂ ಒಣಕಸ ಮಾತ್ರ ಒಯ್ಯುವುದುಂಟು. ಹಾಗಾಗಿ ಉಳಿಯುವುದು ಮೂರೇ ದಾರಿ. ಹೂಳುವುದು, ಸುಡುವುದು, ಶೌಚಾಲಯದ ಗುಂಡಿಗೆ ಹಾಕುವುದು.

ಹೂತರೆ ಪ್ಲಾಸ್ಟಿಕ್ ಕರಗುವುದಿಲ್ಲ. ನಮ್ಮ ಗುಡ್ಡದ ಮಣ್ಣಿನಲ್ಲಿ ಹೂತದ್ದು ಹೂತಲ್ಲೇ ಇರುವುದೂ ಇಲ್ಲ. ಎರಡು ವರ್ಷದ ಹಿಂದೆ ಮಳೆ ಹೊಳವಾದ ದಿನ ತೋಟದ ಬಸಿಗಾಲುವೆ ಸರಿಮಾಡುತ್ತಿದ್ದ ಆಳಿನ ಗುದ್ದಲಿಗೆ ಉಬ್ಬಿದ ಪ್ಯಾಡೊಂದು ಸಿಕ್ಕಿತು. ಧರೆಯ ಮೇಲಿನ ಯಾವ ಮನೆಯಿಂದ ಬಂದದ್ದೋ. ಅವನು ಮಾತಾಡದೆ ಅದನ್ನು ಹಾಳೆಯಲ್ಲಿ ಮುಚ್ಚಿ ಬದಿಗಿಟ್ಟ. ನಾನು ಬೇರೆಡೆ ನೋಡಿದೆ. ಸುಟ್ಟರೆ? ಸರಿಯಾದ ಸುಡುಯಂತ್ರದಲ್ಲಿ 800 ಡಿಗ್ರಿಗೂ ಹೆಚ್ಚು ಶಾಖ ಬೇಕು. ಬಚ್ಚಲ ಒಲೆಯಲ್ಲಿ, ಅದೂ ಒದ್ದೆ ಪ್ಯಾಡಿಗೆ, ಅಷ್ಟು ಶಾಖ ಹುಟ್ಟುವುದಿಲ್ಲ. ಅರೆಬೆಂದ ಪ್ಲಾಸ್ಟಿಕ್ಕಿನ ವಿಷಹೊಗೆ ಒಲೆ ಊದುವವಳ ಮೂಗಿಗೇ ಬರುತ್ತದೆ. ಇನ್ನು ಶೌಚದ ಗುಂಡಿಗೆ ಹಾಕಿದರೆ ಆ ಲೋಳೆಪುಡಿ ಉಬ್ಬಿ ಪೈಪು ಕಟ್ಟುತ್ತದೆ, ಗುಂಡಿ ಬೇಗ ತುಂಬುತ್ತದೆ.

ತೊಳೆದು ಮತ್ತೆ ಬಳಸುವ ಸಾಧನಗಳ ಮಾತು ಬರುವುದು ಇಲ್ಲಿಂದಲೇ.

ಮುಟ್ಟಿನ ಚಡ್ಡಿ: ಅಡಿಕೆ ಮರದ ಬುಡದ ಹಾಗೆ

ಅಂಗಡಿಯಲ್ಲಿ ಪೀರಿಯಡ್ ಪ್ಯಾಂಟಿ ಎನ್ನುತ್ತಾರೆ. ನೋಡಲು ಮಾಮೂಲಿ ಚಡ್ಡಿಯೇ, ಕಾಲಸಂದಿಯ ಜಾಗ ಮಾತ್ರ ಸ್ವಲ್ಪ ದಪ್ಪ. ಒಳಗೆ ಬೇರೆ ಪ್ಯಾಡ್ ಇಡುವಂತಿಲ್ಲ, ಚಡ್ಡಿಯೇ ಪ್ಯಾಡ್.

ಅದರ ಕೆಲಸ ತಿಳಿಯಬೇಕಾದರೆ ತೋಟದಲ್ಲಿ ಅಡಿಕೆ ಮರದ ಬುಡ ನೆನಪಿಸಿಕೊಳ್ಳಿ. ಮೇಲೆ ದರಗಿನ ಹೊದಿಕೆ. ಮಳೆನೀರು ಅದರ ಮೇಲೆ ನಿಲ್ಲದೆ ಥಟ್ಟನೆ ಕೆಳಗಿಳಿಯುತ್ತದೆ. ಅದರ ಕೆಳಗೆ ಗೊಬ್ಬರ ಸೇರಿದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ಕೆಳಗೆ ಜೇಡಿಮಣ್ಣಿನ ಪದರವಿದ್ದರೆ ನೀರು ಅಲ್ಲಿಂದಾಚೆ ಇಳಿಯುವುದಿಲ್ಲ. ಚಡ್ಡಿಯಲ್ಲೂ ಹೀಗೇ ಮೂರು ಕೆಲಸಕ್ಕೆ ಮೂರು ಪದರ. ಮೈಗೆ ತಾಗುವ ಪದರ ದ್ರವವನ್ನು ತನ್ನಲ್ಲಿಟ್ಟುಕೊಳ್ಳದೆ ಕೆಳಕ್ಕೆ ದಾಟಿಸುತ್ತದೆ. ಹಣತೆಯ ಬತ್ತಿ ಎಣ್ಣೆ ಎಳೆಯುವ ಹಾಗೆ, ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ದ್ರವ ತಾನಾಗಿ ಹರಿದುಹೋಗುತ್ತದೆ. ನಡುವಿನ ಪದರ ಹತ್ತಿ, ಬಿದಿರಿನ ತಿರುಳಿನಿಂದ ಮಾಡಿದ ಎಳೆ ಅಥವಾ ಮೈಕ್ರೋಫೈಬರಿನದು, ಹೀರಿ ಹಿಡಿದಿಡುವುದು ಅದರ ಕೆಲಸ. ಕೊನೆಯದು ನೀರು ದಾಟದ ಪದರ. ಬಟ್ಟೆಯ ಬೆನ್ನಿಗೆ ಪಾಲಿಯುರೆಥೇನ್ ಎಂಬ ತೆಳ್ಳನೆಯ, ಬಾಗುವ ಪ್ಲಾಸ್ಟಿಕ್ ಅಂಟಿಸಿರುತ್ತಾರೆ. ನಾನು ಒಲೆಯ ಮೇಲೆ ಮುರುಟಿಸಿದ್ದು ಇದನ್ನೇ.

ಎಷ್ಟು ಹಿಡಿಯುತ್ತದೆ? ಚಡ್ಡಿಯಿಂದ ಚಡ್ಡಿಗೆ ಬಹಳ ವ್ಯತ್ಯಾಸ ಇದೆ. ಕಡಿಮೆ ಸ್ರಾವಕ್ಕೆ ಮಾಡಿದ್ದು ಎರಡು ಮೂರು ಚಮಚದಷ್ಟು ಹಿಡಿದರೆ, ರಾತ್ರಿಗೆಂದೇ ಮಾಡಿದ್ದು ಅದರ ಎರಡು ಮೂರು ಪಟ್ಟು ಹಿಡಿಯಬಹುದು. ಪೊಟ್ಟಣದ ಮೇಲೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಬರೆದಿರುತ್ತಾರೆ. ಎರಡನೇ ದಿನ ಜೋರಾಗಿ ಹೋಗುವವರು ಒಂದೇ ಚಡ್ಡಿಯಲ್ಲಿ ಇಡೀ ದಿನ ಕಳೆಯಲು ಹೋಗಬಾರದು. ಆರರಿಂದ ಎಂಟು ಗಂಟೆಗೊಮ್ಮೆ ಬದಲಿಸಿದರೆ ಕ್ಷೇಮ. ಮೇಲೆ ಬೆರಳಿಟ್ಟು ಒತ್ತಿದಾಗ ತೇವ ಮೇಲಕ್ಕೆ ಬಂದರೆ ಅದು ತುಂಬಿದೆ ಎಂದರ್ಥ.

ಹೊಸಬರಿಗೆ ಒಂದು ಮಾತು: ಮೊದಲ ಸಲ ಮುಟ್ಟಿನ ಕೊನೆಯ ದಿನಗಳಲ್ಲಿ, ಮನೆಯಲ್ಲಿದ್ದಾಗ ಹಾಕಿ ನೋಡಿ. ಅಳತೆ ಸಡಿಲಾದರೆ ತೊಡೆಯಂಚಿನಿಂದ ಸೋರುತ್ತದೆ. ಮೈಗೆ ಸರಿಯಾಗಿ ಕೂರಬೇಕು, ಕೆಂಪು ಗೆರೆ ಮೂಡುವಷ್ಟು ಬಿಗಿಯಾಗಬಾರದು.

ತೊಳೆಯುವ ಕ್ರಮ

ತಣ್ಣೀರು. ಇದೊಂದನ್ನು ಮರೆಯದಿದ್ದರೆ ಅರ್ಧ ಕೆಲಸ ಮುಗಿಯಿತು. ರಕ್ತದಲ್ಲಿರುವುದು ಪ್ರೋಟೀನು. ಮೊಟ್ಟೆಯ ಬಿಳಿ ಬಿಸಿ ತಾಗಿದೊಡನೆ ಗಟ್ಟಿಯಾಗುವಂತೆ ರಕ್ತವೂ ಹಂಡೆಯ ಬಿಸಿನೀರು ಬಿದ್ದರೆ ಎಳೆಗೆ ಕಚ್ಚಿಕೊಂಡು ಕಲೆಯಾಗುತ್ತದೆ. ಮೊದಲು ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ಹಿಂಡಿ ತೆಗೆಯಬೇಕು. ಆಮೇಲೆ ಸಾಮಾನ್ಯ ಸೋಪು ಹಾಕಿ ಕೈಯಲ್ಲಿ ತೊಳೆಯಿರಿ, ಇಲ್ಲವೇ ಮೆಷಿನ್ನಿಗೆ ಹಾಕಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಬೇಡ. ಅದು ಎಳೆಗಳ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ, ಮುಂದಿನ ತಿಂಗಳು ಚಡ್ಡಿ ಹೀರುವುದೇ ಇಲ್ಲ. ಬ್ಲೀಚಿಂಗ್ ಪುಡಿಯೂ ಬೇಡ, ನೀರು ತಡೆಯುವ ಪದರ ಹಾಳಾಗುತ್ತದೆ. ಬಂಡೆಗೆ ಬಡಿಯುವ ಅಭ್ಯಾಸ ಇರುವವರು ಇದೊಂದನ್ನು ಬಡಿಯದಿರಿ. ಸೋಪು ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಉಳಿದ ಸೋಪು ಮೈಗೆ ತುರಿಕೆ ತರುತ್ತದೆ, ಚಡ್ಡಿಗೆ ವಾಸನೆ ಹಿಡಿಸುತ್ತದೆ.

ಮೂರು ದಿನ ಹೊರಗೆ ಕೂರುವ ಪದ್ಧತಿ ಇರುವ ಮನೆಗಳಲ್ಲಿ ಹೆಂಗಸರು ಬಟ್ಟೆಯನ್ನು ಗಂಟುಕಟ್ಟಿ ಇಟ್ಟು ಕೊನೆಗೆ ಒಟ್ಟಿಗೆ ತೊಳೆಯುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಆಗಿಂದಾಗ್ಗೆ ಸೋಪು ಹಾಕಲು ಆಗದಿದ್ದರೂ ತಣ್ಣೀರಿನಲ್ಲಿ ಹಿಂಡಿಯಾದರೂ ಇಡಿ.

ಒಣಗಿಸುವುದು: ನಮ್ಮ ನಿಜವಾದ ಪ್ರಶ್ನೆ

ಬಟ್ಟೆ ಒಣಗುವುದೆಂದರೆ ಅದರಲ್ಲಿರುವ ನೀರು ಗಾಳಿಗೆ ಸೇರುವುದು. ಗಾಳಿಗೂ ಒಂದು ಹೊಟ್ಟೆ ಇದೆ ಎಂದುಕೊಳ್ಳಿ. ಮಾರ್ಚಿಯಲ್ಲಿ ಆ ಹೊಟ್ಟೆ ಖಾಲಿ, ಎಷ್ಟು ನೀರನ್ನಾದರೂ ಕುಡಿಯುತ್ತದೆ. ಆಶ್ಲೇಷಾ ಮಳೆಯಲ್ಲಿ ಅದು ಬಿರಿಯುವಷ್ಟು ತುಂಬಿರುತ್ತದೆ. ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ, ಹಗ್ಗದ ಮೇಲೆ ನಾಲ್ಕು ದಿನ ಇಟ್ಟರೂ ತೇವ ಹೋಗುವುದಿಲ್ಲ. ಒಲೆ ಏಕೆ ಕೆಲಸ ಮಾಡುತ್ತದೆ? ಗಾಳಿ ಬಿಸಿಯಾದರೆ ಅದರ ಹೊಟ್ಟೆ ದೊಡ್ಡದಾಗುತ್ತದೆ, ಇನ್ನಷ್ಟು ನೀರು ಹಿಡಿಯುತ್ತದೆ. ಫ್ಯಾನ್ ಏಕೆ ಕೆಲಸ ಮಾಡುತ್ತದೆ? ಬಟ್ಟೆಯ ಸುತ್ತ ತುಂಬಿ ನಿಂತ ಗಾಳಿಯನ್ನು ಆಚೆ ತಳ್ಳಿ ಬೇರೆ ಗಾಳಿ ತರುತ್ತದೆ.

ಮುಟ್ಟಿನ ಚಡ್ಡಿಯ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಬೆನ್ನಿಗೆ ಪ್ಲಾಸ್ಟಿಕ್ ಇದೆಯಲ್ಲ, ನೀರು ಆ ಕಡೆಯಿಂದ ಆರಲಾರದು. ಮಾಮೂಲಿ ಬಟ್ಟೆ ಎರಡೂ ಮೈಯಿಂದ ಒಣಗಿದರೆ ಇದು ಒಂದೇ ಮೈಯಿಂದ ಒಣಗಬೇಕು. ನಾವು ಚಡ್ಡಿಯನ್ನು ಮಾಮೂಲಿನಂತೆ ಒಣಹಾಕಿದಾಗ ಆ ಮೈಯೇ ಒಳಗೆ ಮುಚ್ಚಿಹೋಗಿರುತ್ತದೆ. ನನ್ನ ತಂಗಿಯ ಮಗಳ ಚಡ್ಡಿ ಜಗಲಿಯಲ್ಲಿ ಇಡೀ ದಿನ ಒದ್ದೆಯಾಗಿಯೇ ಉಳಿದದ್ದು ಇದರಿಂದ. ಒಳಮೈ ಹೊರಗೆ ಮಾಡಿ, ದಪ್ಪ ಭಾಗ ಗಾಳಿಗೆ ಬರುವಂತೆ ಸೊಂಟದ ಪಟ್ಟಿಗೆ ಕ್ಲಿಪ್ ಹಾಕಿ ತೂಗಿಬಿಡಬೇಕು.

ಆಮೇಲೆ ನಾವಿಬ್ಬರೂ ಸೇರಿ ಕಂಡುಕೊಂಡ ಕ್ರಮ ಇದು. ತೊಳೆದ ಚಡ್ಡಿಯನ್ನು ತಿರುಚದೆ ಒತ್ತಿ ಹಿಂಡುತ್ತೇವೆ, ತಿರುಚಿದರೆ ಪದರ ಬಿಡುತ್ತದೆ. ಒಣಗಿದ ಹಳೆ ಪಂಚೆಯ ಮೇಲೆ ಹಾಸಿ, ಚಾಪೆ ಸುತ್ತಿದಂತೆ ಸುತ್ತಿ, ಅದರ ಮೇಲೆ ಮೊಣಕಾಲೂರಿ ಒತ್ತುತ್ತೇವೆ. ಪಂಚೆ ಒದ್ದೆಯಾದಷ್ಟೂ ಚಡ್ಡಿ ಹಗುರ. ಮೆಷಿನ್ ಇರುವ ಮನೆಯಲ್ಲಿ ನೀರು ತೆಗೆಯುವ ಸುತ್ತಿಗೆ ಹಾಕಿದರೂ ಇದೇ ಕೆಲಸವಾಗುತ್ತದೆ. ಆಮೇಲೆ ಒಳಮೈ ಹೊರಗೆ ಮಾಡಿ ಫ್ಯಾನಿನ ಕೆಳಗೆ. ಕರೆಂಟಿಲ್ಲದ ದಿನ ಬಚ್ಚಲಿನಲ್ಲೇ, ಆದರೆ ಒಲೆಯ ನೇರ ಮೇಲೆ ಅಲ್ಲ. ಅಂಗೈ ಹಿಡಿದು ನೋಡಿ. ಬೆಚ್ಚಗಿದೆ ಎನಿಸುವ ಜಾಗ ಸರಿ, ಸುಡುತ್ತದೆ ಎನಿಸಿದರೆ ದೂರ ಸರಿಸಿ. ನಮ್ಮ ಬಚ್ಚಲಿನಲ್ಲಿ ಆ ಜಾಗ ಹಂಡೆಯಿಂದ ಎರಡು ಮೊಳ ಆಚೆಗಿನ ಗೋಡೆಯ ಗೂಟ. ಹೊಗೆಯ ವಾಸನೆ ಸ್ವಲ್ಪ ಹತ್ತುತ್ತದೆ, ಅದಕ್ಕೇನೂ ಮಾಡಲಾಗದು. ಹೀಗೆ ಮಾಡಿದರೂ ಜೋರು ಮಳೆಯಲ್ಲಿ ದಪ್ಪ ಚಡ್ಡಿಗೆ ಎರಡು ದಿನ ಬೇಕು. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ನಾನು ಮಾಡಿದ್ದೇ ಆಗುತ್ತದೆ.

ಪೂರ್ತಿ ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ದಪ್ಪ ಭಾಗವನ್ನು ಕೆನ್ನೆಗೆ ಒತ್ತಿ ಹಿಡಿಯಿರಿ. ಬೆರಳಿಗೆ ಗೊತ್ತಾಗದ ತೇವ ಕೆನ್ನೆಗೆ ತಣ್ಣಗೆ ತಾಗುತ್ತದೆ. ಅರೆಬರೆ ಒಣಗಿದ್ದನ್ನು ಕಪಾಟಿಗೆ ಸೇರಿಸಿದರೆ ನಾಲ್ಕು ದಿನದಲ್ಲಿ ಬೂಸ್ಟು. ಅದನ್ನು ತೊಟ್ಟರೆ ತೊಡೆಸಂದಿಯಲ್ಲಿ ತುರಿಕೆ, ಶಿಲೀಂಧ್ರದ ಸೋಂಕು ಬರಬಹುದು.

ಅಜ್ಜಿಯಂದಿರ ಕಾಲದ ಬಟ್ಟೆಯ ಬಗ್ಗೆ "ಅದರಿಂದ ರೋಗ ಬರುತ್ತಿತ್ತು" ಎಂದು ಹೇಳುತ್ತಾರಲ್ಲ, ತಪ್ಪು ಬಟ್ಟೆಯದಾಗಿರಲಿಲ್ಲ. ಹಳೆ ಹತ್ತಿ ಸೀರೆಯ ತುಂಡಿಗಿಂತ ಮೆತ್ತಗಿನದು, ಬೇಗ ಒಣಗುವುದು ಯಾವುದಿದೆ? ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ, ಗಂಡಸರ ಕಣ್ಣಿಗೆ ಬೀಳದಂತೆ ಇನ್ನೊಂದು ಬಟ್ಟೆಯ ಅಡಿಯಲ್ಲಿ ಒಣಗಿಸುತ್ತಿದ್ದರು. ಗಾಳಿಯಿಲ್ಲ, ಬೆಳಕಿಲ್ಲ. ನಮ್ಮ ಅತ್ತೆ ಹೇಳುತ್ತಿದ್ದರು: "ಸೂರ್ಯನಿಗೂ ತೋರಿಸಬಾರದು ಅಂತಿದ್ರು, ಇನ್ನು ಒಣಗೋದೆಲ್ಲಿಂದ?" ಮುಟ್ಟಿನ ಚಡ್ಡಿಯ ಒಂದು ದೊಡ್ಡ ಅನುಕೂಲ ನನಗೆ ಕಾಣುವುದು ಇಲ್ಲೇ. ಹಗ್ಗದ ಮೇಲೆ ಅದು ಇನ್ನೊಂದು ಚಡ್ಡಿ, ಅಷ್ಟೇ. ಬಿಸಿಲು ಬಂದ ದಿನ ಅಂಗಳದಲ್ಲಿ ಎಲ್ಲದರ ಜೊತೆ ಹಾಕಬಹುದು.

ಬಟ್ಟೆ ಪ್ಯಾಡ್

ಅಜ್ಜಿಯ ಬಟ್ಟೆಗೆ ಹೊಲಿಗೆ ಹಾಕಿ ರೂಪ ಕೊಟ್ಟರೆ ಬಟ್ಟೆ ಪ್ಯಾಡ್. ಹತ್ತಿಯ ಕೆಲವು ಪದರ, ಎರಡು ರೆಕ್ಕೆ, ರೆಕ್ಕೆಗೆ ಒತ್ತುಗುಂಡಿ. ಮಾಮೂಲಿ ಚಡ್ಡಿಯ ಮೇಲೆ ಕೂರುತ್ತದೆ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಹೊರಗೆ ಹೋದಾಗ ಬಳಸಿದ್ದನ್ನು ಮಡಚಿ ನೀರು ಸೋರದ ಚೀಲದಲ್ಲಿಟ್ಟು ತರಬೇಕಾಗುತ್ತದೆ.

ಮಲೆನಾಡಿಗೆ ಕೊಳ್ಳುವುದಾದರೆ ಮಡಿಕೆ ಬಿಚ್ಚುವಂಥದ್ದನ್ನೇ ಹುಡುಕಿ. ಇದರಲ್ಲಿ ಹೊರಕವಚ ಬೇರೆ, ಒಳಗೆ ಮಡಚಿಡುವ ಹತ್ತಿಯ ತುಂಡು ಬೇರೆ. ತುಂಡನ್ನು ಬಿಚ್ಚಿದರೆ ಕೈವಸ್ತ್ರದಂತೆ ತೆಳ್ಳಗಾಗಿ ಚಡ್ಡಿಗಿಂತ ಎಷ್ಟೋ ಬೇಗ ಒಣಗುತ್ತದೆ. ಅದರಲ್ಲಿ ಪ್ಲಾಸ್ಟಿಕ್ ಇಲ್ಲದ ಕಾರಣ ಇಸ್ತ್ರಿಯೂ ಹಾಕಬಹುದು. ಮಳೆಗಾಲದಲ್ಲಿ ಇಸ್ತ್ರಿಯೇ ನಮ್ಮ ಬಿಸಿಲು. ಹೊಲಿಗೆ ಬರುವವರು ಮನೆಯಲ್ಲೇ ಹೊಲಿದುಕೊಳ್ಳಬಹುದು.

ಅಂದಹಾಗೆ ಬಟ್ಟೆ ಬಿಟ್ಟುಹೋದ ಕಾಲದ ವಸ್ತುವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 64 ಮಂದಿ ಪ್ಯಾಡ್ ಬಳಸುತ್ತೇವೆ ಎಂದರೆ, ನೂರಕ್ಕೆ 50 ಮಂದಿ ಬಟ್ಟೆಯನ್ನೂ ಹೇಳಿದ್ದಾರೆ. ಬಹಳ ಮಂದಿ ಎರಡನ್ನೂ ಬಳಸುತ್ತಾರೆ.

ಕಪ್: ಒಣಗಿಸುವ ಗೋಜೇ ಇಲ್ಲದ್ದು

ಪಕ್ಕದ ಮನೆಯ ಅಕ್ಕನ ಪ್ರಶ್ನೆಗೆ ನೇರ ಉತ್ತರ ಕೊಡುವ ಸಾಧನ ಒಂದೇ, ಅದು ಮುಟ್ಟಿನ ಕಪ್. ಮೆಡಿಕಲ್ ದರ್ಜೆಯ ಸಿಲಿಕೋನಿನಿಂದ ಮಾಡಿದ, ದೇವರಮನೆಯ ಗಂಟೆಯನ್ನು ತಲೆಕೆಳಗು ಮಾಡಿದ ಹಾಗಿರುವ ಪುಟ್ಟ ಬಟ್ಟಲು. ಹೀರುವುದಿಲ್ಲ, ಹಿಡಿದಿಡುತ್ತದೆ. ಹೊಸದೇನಲ್ಲ, ಅಮೆರಿಕದ ಲಿಯೋನಾ ಚಾಮರ್ಸ್ ಎಂಬವರು 1937ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದರು.

ಕೈ ತೊಳೆದು, ಕಪ್ಪಿನ ಬಾಯನ್ನು ಮಡಚಿ, ಕುಕ್ಕರುಗಾಲಿನಲ್ಲಿ ಕೂತು ಯೋನಿಯೊಳಗೆ ಸೇರಿಸಬೇಕು, ನೆಟ್ಟಗೆ ಮೇಲಕ್ಕಲ್ಲ, ಬೆನ್ನಿನ ಕಡೆಗೆ ಓರೆಯಾಗಿ. ಒಳಗೆ ಹೋದಮೇಲೆ ಮಡಿಕೆ ಬಿಚ್ಚಿ ಅಂಚು ಗೋಡೆಗೆ ಅಂಟಿ ಕೂರುತ್ತದೆ. ತೆಗೆಯುವಾಗ ಬಾಲ ಹಿಡಿದು ಎಳೆಯಬಾರದು. ತಿಣುಕಿದಂತೆ ಮಾಡಿ ಕಪ್ಪಿನ ತಳ ಬೆರಳಿಗೆ ಸಿಕ್ಕಿದಾಗ ಅದನ್ನು ಚಿವುಟಿ ಒತ್ತಬೇಕು. ಆಗ ಒಳಗೆ ಗಾಳಿ ಸೇರಿ ಹಿಡಿತ ಬಿಡುತ್ತದೆ, ಮೆಲ್ಲಗೆ ಹೊರತೆಗೆಯಬಹುದು. ಸುರಿದು, ಶುದ್ಧ ನೀರಿನಲ್ಲಿ ತೊಳೆದು ಮತ್ತೆ ಹಾಕಿಕೊಳ್ಳುವುದು. ಅಬ್ಬಿಯ ನೀರು, ಹಳ್ಳದ ನೀರು ಬಳಸುವವರು ಕಾಯಿಸಿ ಆರಿಸಿದ್ದನ್ನೇ ಬಳಸಿ.

ಒಂದು ಕಪ್ ಸುಮಾರು 20ರಿಂದ 30 ಮಿಲಿಲೀಟರ್ ಹಿಡಿಯುತ್ತದೆ. ಮೊದಲು ಹೇಳಿದ ಲೆಕ್ಕ ನೆನಪಿಸಿಕೊಳ್ಳಿ, ಇಡೀ ಮುಟ್ಟಿನದೇ 30ರಿಂದ 40. ಹಾಗಾಗಿ ಹೆಚ್ಚಿನವರಿಗೆ ಎಂಟು ಗಂಟೆ ಕಾಲ ಯೋಚನೆಯಿಲ್ಲ. ಹನ್ನೆರಡು ಗಂಟೆ ಮೀರಿ ಒಳಗೆ ಬಿಡಬಾರದು. ಮೊಣಕಾಲುದ್ದ ನೀರಿನಲ್ಲಿ ಕಂಬಳಿಕೊಪ್ಪೆ ಹೊದ್ದು ಸಸಿ ನೆಡುವವರಿಗೆ ಇದು ದೊಡ್ಡ ಸಂಗತಿ. ಆ ಮಳೆಯಲ್ಲಿ ಪ್ಯಾಡೂ ಮುಟ್ಟಿನ ಚಡ್ಡಿಯೂ ಮಳೆನೀರನ್ನೇ ಕುಡಿದು ಭಾರವಾಗುತ್ತವೆ. ಕಪ್ಪಿಗೆ ಮಳೆ ತಾಗುವುದಿಲ್ಲ. ಒರೆಸಿದರೆ ಒಣಗಿತು. ಮುಟ್ಟು ಮುಗಿದಮೇಲೆ ಬೇರೆಯೇ ಇಟ್ಟ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ಇಡಬೇಕು. ಕುದಿಯಲು ಇಟ್ಟು ಕೊಟ್ಟಿಗೆಗೆ ಹೋಗಬೇಡಿ, ನೀರು ಆರಿ ಕಪ್ ತಳಹಿಡಿಯುತ್ತದೆ.

ಕಪ್ ಒಳಗೆ ಕಳೆದುಹೋಗುತ್ತದೆಯೇ? ಇಲ್ಲ. ಯೋನಿ ಒಂದು ಮುಚ್ಚಿದ ಓಣಿ, ಅದರ ಕೊನೆಯಲ್ಲಿ ಗರ್ಭಕೋಶದ ಬಾಯಿ ಇದೆ, ಅದರ ತೂತು ಕಪ್ ದಾಟುವಷ್ಟು ದೊಡ್ಡದಲ್ಲ. ಮೂತ್ರಕ್ಕೆ ತೊಂದರೆಯೇ? ಇಲ್ಲ, ಮೂತ್ರದ ದಾರಿಯೇ ಬೇರೆ. ಮದುವೆಯಾಗದ ಹುಡುಗಿಯರು? ಇದನ್ನು ಎಲ್ಲರೂ ದನಿ ತಗ್ಗಿಸಿ ಕೇಳುತ್ತಾರೆ. ಕನ್ಯಾಪೊರೆ ಎನ್ನುವುದು ದಾರಿಯನ್ನು ಮುಚ್ಚಿದ ಪರದೆಯಲ್ಲ, ಬಾಯಿಯ ಸುತ್ತ ಇರುವ ಹಿಗ್ಗುವ ಚರ್ಮದ ಅಂಚು. ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ. ಅದನ್ನು ನೋಡಿ ಯಾರ ನಡತೆಯನ್ನೂ ಹೇಳಲಾಗದು. ಕಪ್ಪಿನಿಂದ ಅದು ಹಿಗ್ಗಬಹುದು, ಅದರಿಂದ ಆರೋಗ್ಯಕ್ಕೆ ಕೆಡುಕಿಲ್ಲ. ಆದರೆ ಹುಡುಗಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬಾರದು. ಅವಳ ಮೈ, ಅವಳ ತೀರ್ಮಾನ.

ಕಲಿಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಮೊದಲ ಸಲ ಕೈ ನಡುಗುವುದು, ಸರಿಯಾಗಿ ಕೂರದೆ ಸೋರುವುದು ಎಲ್ಲರಿಗೂ ಆಗುವಂಥದ್ದು. ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 2019ರಲ್ಲಿ ಬಂದ ಪರಾಮರ್ಶೆ 43 ಅಧ್ಯಯನಗಳನ್ನು, 3,319 ಮಂದಿಯ ಅನುಭವವನ್ನು ಒಟ್ಟಿಗೆ ನೋಡಿತ್ತು. ಸೋರುವಿಕೆ ಬೇರೆ ಸಾಧನಗಳಷ್ಟೇ ಅಥವಾ ಕಡಿಮೆ, ಬಳಸಿದವರಲ್ಲಿ ನೂರಕ್ಕೆ 73ರಷ್ಟು ಮಂದಿ ಮುಂದುವರಿಸಲು ಬಯಸಿದ್ದರು. ಕೇರಳದ ಆಲಪ್ಪುಳದಲ್ಲಿ 2019ರಲ್ಲಿ ಸಾವಿರಾರು ಕಪ್ ಹಂಚಿದ್ದರು. ನಮ್ಮ ರಾಜ್ಯವೂ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಯೋಗವಾಗಿ ಹುಡುಗಿಯರಿಗೆ ಕಪ್ ಕೊಟ್ಟಿದೆ.

ಎಲ್ಲರಿಗೂ ಹೊಂದುವುದಿಲ್ಲ. ಕಾಪರ್-ಟಿ ಹಾಕಿಸಿಕೊಂಡವರು ಮೊದಲು ಡಾಕ್ಟರನ್ನು ಕೇಳಬೇಕು, ಕಪ್ ಎಳೆಯುವಾಗ ಅದು ಜಾರಬಹುದು. ಗರ್ಭಕೋಶ ಜಾರಿದವರೂ ಕೇಳಬೇಕು. ಹೆರಿಗೆಯಾಗಿ ಆರು ವಾರ ಕಳೆಯುವವರೆಗೆ ಬೇಡ. ತೀರಾ ಅಪರೂಪಕ್ಕೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ, ಬ್ಯಾಕ್ಟೀರಿಯಾದ ವಿಷದಿಂದಾಗುವ ಕಾಯಿಲೆ ಬರುವುದುಂಟು. ಕಪ್ ಹಾಕಿಕೊಂಡಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ಅದನ್ನು ತೆಗೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ದುಡ್ಡಿನ ಲೆಕ್ಕ, ಕೊಳ್ಳುವಾಗಿನ ಎಚ್ಚರ

ಪ್ಯಾಡ್ ಒಂದಕ್ಕೆ ಆರು ರೂಪಾಯಿ ಎಂದರೆ ವರ್ಷಕ್ಕೆ ಸಾವಿರದ ಮೇಲೆ. 2018ರ ಜುಲೈನಲ್ಲಿ ಪ್ಯಾಡಿನ ಮೇಲಿನ ಜಿಎಸ್‌ಟಿ ತೆಗೆದಮೇಲಿನ ಲೆಕ್ಕವೂ ಇದೇ. ಐನೂರರ ನಾಲ್ಕು ಚಡ್ಡಿ ಕೊಂಡರೆ ಎರಡು ಸಾವಿರ. ಸರಿಯಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬರುತ್ತವೆ. ಉಳಿತಾಯ ಇದೆ, ಆದರೆ ಹೇಳಿಕೊಳ್ಳುವಷ್ಟಲ್ಲ. ಅಷ್ಟು ದುಡ್ಡು ಒಂದೇ ಸಲ ಕೊಡಬೇಕೆನ್ನುವುದೇ ಕೂಲಿಗೆ ಹೋಗುವವರಿಗೆ ಕಷ್ಟ. ಕಪ್ ಮುನ್ನೂರಕ್ಕೂ ಸಿಗುತ್ತದೆ, ಹತ್ತು ವರ್ಷದವರೆಗೂ ಬಾಳಬಲ್ಲದು. ದುಡ್ಡಿನ ಮಾತೊಂದೇ ಆದರೆ ಅದರ ಹತ್ತಿರ ಯಾವುದೂ ಬರುವುದಿಲ್ಲ.

ತೊಳೆದು ಬಳಸುವ ಪ್ಯಾಡಿಗೆ, ಮುಟ್ಟಿನ ಚಡ್ಡಿಗೆ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಐಎಸ್ 17514 ಎಂಬ ಮಾನದಂಡ ತಂದಿದೆ. ಪೊಟ್ಟಣದ ಮೇಲೆ ಆ ಸಂಖ್ಯೆ ಇದೆಯೇ ನೋಡಿ. ಕಲೆ, ನೀರು ಅಂಟದಂತೆ ಬಟ್ಟೆಗೆ ಹಾಕುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಗುಂಪಿದೆ, ಅವು ಪರಿಸರದಲ್ಲಿ ಕರಗದೆ ಉಳಿಯುತ್ತವೆ. ಮುಟ್ಟಿನ ಚಡ್ಡಿಯಲ್ಲಿ ಅವು ಇವೆ ಎಂಬ ದೂರು ಅಮೆರಿಕದಲ್ಲಿ ಕೋರ್ಟಿಗೆ ಹೋಗಿ, ಕಂಪನಿಯೊಂದು 2023ರಲ್ಲಿ ರಾಜಿಗೆ ಬಂತು. "ಪಿಎಫ್‌ಎಎಸ್ ಇಲ್ಲ" ಎಂದು ಬರೆದಿರುವುದನ್ನು ಆರಿಸುವುದು ಒಳ್ಳೆಯದು. ಸುವಾಸನೆ ಹಾಕಿದ್ದು ಯಾವುದೂ ಬೇಡ.

ಹಾಗಾದರೆ ನಮ್ಮ ಮನೆಗೆ ಯಾವುದು?

ಒಂದನ್ನೇ ಹಿಡಿದುಕೊಳ್ಳಬೇಕೆಂದಿಲ್ಲ. ನಮ್ಮಲ್ಲಿ ಋತು ಬದಲಾದಂತೆ ಊಟ ಬದಲಾಗುವುದಿಲ್ಲವೇ, ಹಾಗೆ. ದೀಪಾವಳಿಯಿಂದ ಮುಂಗಾರು ಹಿಡಿಯುವವರೆಗೆ ಚಡ್ಡಿ, ಬಟ್ಟೆ ಪ್ಯಾಡ್ ಯಾವುದೂ ಸುಲಭ. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವ ದಿನಗಳಲ್ಲಿ ಪ್ಯಾಡಿನ ಅಂಚು ತೊಡೆ ಉಜ್ಜುವ ಹಿಂಸೆ ಚಡ್ಡಿಯಲ್ಲಿಲ್ಲ. ಮಳೆಗಾಲದಲ್ಲಿ ಕಪ್ ಒಗ್ಗಿದವರಿಗೆ ಕಪ್, ಒಗ್ಗದವರಿಗೆ ಮಡಿಕೆ ಬಿಚ್ಚುವ ಬಟ್ಟೆ ಪ್ಯಾಡ್ ಮತ್ತು ಇಸ್ತ್ರಿ. ಚಡ್ಡಿಯನ್ನೇ ಮಳೆಗಾಲವೂ ಬಳಸುವ ಮನಸ್ಸಿದ್ದರೆ ಬೇಸಿಗೆಗೆ ನಾಲ್ಕು ಸಾಕಾದಲ್ಲಿ ಆಗ ಏಳೆಂಟು ಬೇಕು. ಮೈನೆರೆದ ಹೊಸತರಲ್ಲಿ ದಿನ ಹಿಡಿತಕ್ಕೆ ಸಿಗುವುದಿಲ್ಲವಲ್ಲ, ಆ ಹುಡುಗಿಯರಿಗೆ ಶಾಲೆಗೆ ಹೋಗುವಾಗ ತೆಳು ಚಡ್ಡಿಯೊಂದು ಧೈರ್ಯ ಕೊಡುತ್ತದೆ. ಬಳಸಿ ಬಿಸಾಡುವ ಪ್ಯಾಡನ್ನು ಪ್ರಯಾಣಕ್ಕೆ, ನೆಂಟರ ಮನೆಗೆ ಇಟ್ಟುಕೊಂಡರೆ ತಪ್ಪೇನಿಲ್ಲ. ತಿಂಗಳಿಗೆ ಹದಿನೈದರ ಬದಲು ಎರಡಾದರೂ ಬಸಿಗಾಲುವೆಗೆ ಅಷ್ಟು ಹಗುರ.

ಯಾವುದನ್ನೇ ಬಳಸಿ, ಗಂಟೆಗೊಂದು ಪ್ಯಾಡ್ ತುಂಬುವಷ್ಟು ಹೋದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಗಡ್ಡೆಗಳು ಬಂದರೆ, ವಾಸನೆಯ ಬಿಳಿಸೆರಗು ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಮೊದಲು ಮಾತಾಡಲು ಊರಿನ ಆಶಾ ಕಾರ್ಯಕರ್ತೆ ಇದ್ದಾರೆ. ಕೆಲವು ಕಪ್‌ಗಳಲ್ಲಿ ಅಳತೆಯ ಗೆರೆ ಹಾಕಿರುತ್ತಾರೆ, ಎಷ್ಟು ಹೋಯಿತೆಂದು ಅಳೆದು ಹೇಳಬಹುದು. "ಜಾಸ್ತಿ ಹೋಗ್ತಿದೆ" ಎನ್ನುವುದಕ್ಕಿಂತ "ನಿನ್ನೆ ಒಂದೇ ದಿನ 60 ಮಿಲಿಲೀಟರ್ ಆಯ್ತು" ಎಂದರೆ ಡಾಕ್ಟರಿಗೂ ಬೇಗ ಅರ್ಥವಾಗುತ್ತದೆ.

ಮುರುಟಿದ ಆ ಚಡ್ಡಿಯನ್ನು ನಾನು ಬಿಸಾಡಲಿಲ್ಲ. ಪ್ಲಾಸ್ಟಿಕ್ ಪದರವನ್ನು ಕತ್ತರಿಸಿ ತೆಗೆದು ಒಣಕಸದ ಚೀಲಕ್ಕೆ ಹಾಕಿದೆ. ಉಳಿದ ಹತ್ತಿಯ ತುಂಡನ್ನು ಅಳತೆಗೆ ಇಟ್ಟುಕೊಂಡು, ಹಳೆಯ ಸೀರೆಯಲ್ಲಿ ಮಡಿಕೆ ಬಿಚ್ಚುವ ಪ್ಯಾಡ್ ಆರು ಹೊಲಿದೆ. ಈ ಸಲ ಅವಳು ಮಳೆಗಾಲಕ್ಕೆ ಬಂದಾಗ ಜಗಲಿಯ ಹಗ್ಗದ ಮೇಲೆ ಅವೇ ಇದ್ದವು, ನಮ್ಮವರ ಪಂಚೆಯ ಪಕ್ಕದಲ್ಲಿ.